ಸವಾಯಿ ಹಾದಿ

ಲಿಂಗಸೂರಿನಿಂದ ಸಿಂಧನೂರಿಗೆ ಎಷ್ಟು ದೂರ ಎಂಬ ಮಾತು ಎತ್ತಿದರೆ ಸಾಕು, ನನಗೆ ಕೂತಲ್ಲೇ ದಣಿವಾಗುತ್ತದೆ. ಈಗ ಬಸ್ಸು ಹತ್ತಿ ಒಂದು ನಿದ್ದೆ ಮುಗಿಸುವುದರೊಳಗೆ ಊರು ಬಂದಿರುತ್ತದೆ, ಕಂಡಕ್ಟರನೇ ಎಬ್ಬಿಸಿ ಇಳಿಸಬೇಕು. ಅದೇ ದೂರವನ್ನು ನಾನು ಒಮ್ಮೆ ಅರ್ಧ ಸರಪಳಿ ಎಳೆದು, ಇನ್ನರ್ಧ ಹೆಜ್ಜೆ ಎಣಿಸಿ ಮುಗಿಸಿದೆ. ಆಗ ನಿಜಾಮರ ಕಾಲ. ಎಲ್ಲೋ ಸಮುದ್ರದಾಚೆ ದೊಡ್ಡ ಯುದ್ಧ ನಡೆದಿತ್ತು. ಆ ಯುದ್ಧದಿಂದ ನಮ್ಮ ಸೀಮೆಗೆ ಬಂದು ಮುಟ್ಟಿದ್ದು ಎರಡೇ: ಸೀಮೆಎಣ್ಣೆ ಸಿಗದೆ ಹೋದದ್ದು, ಮತ್ತು ನಮ್ಮ ಕಚೇರಿಗೆ ಬಂದ ಒಂದು ಕಾಗದ.

ನಾನು ಆಗ ಲಿಂಗಸೂರಿನಲ್ಲಿ ಹೊಲ ಅಳೆಯುವ ಕೆಲಸದಲ್ಲಿದ್ದೆ. ವಯಸ್ಸು ಇಪ್ಪತ್ತೆಂಟು ಇರಬೇಕು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು, ಐದನೆಯ ವರ್ಷ ನಡೆಯುತ್ತಿತ್ತು. ಅವಳು ಸಿಂಧನೂರಿನಲ್ಲಿ ತಾಯಿಯ ತಾಯಿಯ ಹತ್ತಿರ ಇದ್ದಳು. ತಿಂಗಳಿಗೊಮ್ಮೆ ಹೋಗಿ ನೋಡಿ ಬರಬೇಕೆಂದು ನಾನು ಗೊತ್ತು ಮಾಡಿಕೊಂಡಿದ್ದೆ. ತಿಂಗಳು ಎರಡಾಯಿತು, ಎರಡು ನಾಲ್ಕಾಯಿತು. ಕೊನೆಯ ಸಲ ಹೋದಾಗ ಕೂಸು ಅಜ್ಜಿಯ ಸೆರಗಿನ ಹಿಂದೆ ನಿಂತು ಒಂದು ಕಣ್ಣಿನಿಂದ ನನ್ನನ್ನು ನೋಡಿತ್ತು. ನಾನು ಒಯ್ದಿದ್ದ ಬೆಂಡು ಬತ್ತಾಸು ತೆಗೆದುಕೊಂಡಿತು, ನನ್ನ ಹತ್ತಿರ ಬರಲಿಲ್ಲ. ಅದಕ್ಕೇನು, ಮಕ್ಕಳಿಗೆ ಅಭ್ಯಾಸ ತಪ್ಪಿರುತ್ತದೆ ಎಂದುಕೊಂಡು ನಾನೂ ಎದ್ದು ಬಂದಿದ್ದೆ.

ಆ ಬೇಸಿಗೆಯಲ್ಲಿ ಅತ್ತೆ ಯಾರಿಂದಲೋ ಒಂದು ಚೀಟಿ ಬರೆಸಿ ಕಳಿಸಿದರು. ನನಗೆ ಕಣ್ಣು ಮಂಜಾಗಿದೆ, ಕೂಸು ಬಾವಿಯ ಕಡೆ ಓಡಿದರೆ ಕಾಣುವುದಿಲ್ಲ, ಜೀವ ಹಿಡಿಯಲ್ಲಿಟ್ಟುಕೊಂಡು ಕೂತಿರುತ್ತೇನೆ. ದೊಡ್ಡ ಮಗಳು ಬಳ್ಳಾರಿಯಿಂದ ಬರುತ್ತಿದ್ದಾಳೆ, ಅವಳಿಗೆ ಮಕ್ಕಳಿಲ್ಲ, ಆಸೆಯಿಂದ ಕೇಳುತ್ತಿದ್ದಾಳೆ. ವೈಶಾಖದ ಆಗಿ ಹುಣ್ಣಿಮೆಯವರೆಗೆ ನಿಮ್ಮ ದಾರಿ ನೋಡುತ್ತೇವೆ. ನೀವು ಬಂದು, ಕೂಸು ನಿಮ್ಮ ಹತ್ತಿರವೇ ಇರಲಿ ಎಂದರೆ ಒಯ್ಯಿರಿ. ಬರದಿದ್ದರೆ, ನಿಮ್ಮ ಒಪ್ಪಿಗೆ ಇದೆ ಎಂದು ತಿಳಿದು ಮರುದಿನ ಕಳಿಸಿಕೊಡುತ್ತೇವೆ. ಇಷ್ಟೇ ಇತ್ತು. ಬೈಗುಳ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಕೊಡುವ ಮನಸ್ಸು ನನಗೆ ಖಂಡಿತ ಇರಲಿಲ್ಲ. ಬಳ್ಳಾರಿ ಎಂದರೆ ಹೊಳೆಯಾಚೆ, ಇಂಗ್ರೇಜರ ರಾಜ್ಯ. ಅಲ್ಲಿಗೆ ಹೋದ ಕೂಸು ನನಗೆ ವರ್ಷಕ್ಕೊಮ್ಮೆ ಕಂಡರೂ ಪುಣ್ಯ. ನಾನು ಆ ವಾರವೇ ಎರಡು ಖೋಲಿಯ ಮನೆ ಹಿಡಿದೆ. ಗಂಡ ಸತ್ತು ಒಬ್ಬಳೇ ಇದ್ದ ನನ್ನ ಚಿಕ್ಕಮ್ಮನಿಗೆ ಹೇಳಿ ಕಳಿಸಿದೆ, ಆಕೆ ಬರುತ್ತೇನೆಂದಳು. ಪೇಟೆಯಲ್ಲಿ ಒಂದು ಸಣ್ಣ ತಾಟು, ಸಣ್ಣ ಚರಿಗೆ ತಂದು ಗೂಡಿನಲ್ಲಿಟ್ಟೆ. ಇನ್ನು ರಜೆ ಕೇಳುವುದೊಂದೇ ಬಾಕಿ. ಅಷ್ಟರಲ್ಲಿ ಹೈದರಾಬಾದಿನ ಕಾಗದ ಬಂತು.

ಕಾಗದ ಉರ್ದುವಿನಲ್ಲಿತ್ತು. ನಮ್ಮ ಕಚೇರಿಯ ಎಲ್ಲ ಕಾಗದಗಳೂ ಉರ್ದುವಿನಲ್ಲೇ ಇರುತ್ತಿದ್ದವು. ಅವನ್ನು ಓದಿ ಹೇಳುವ ಹಕ್ಕು ಮುನ್ಷಿಯವರದು. ಆ ಮನುಷ್ಯ ಕೆಟ್ಟವರಲ್ಲ. ಆದರೆ ಒಮ್ಮೆ ಓದಿದ್ದನ್ನು ಎರಡನೇ ಸಲ ಓದುವುದು ತಮ್ಮ ಮರ್ಯಾದೆಗೆ ಕಡಿಮೆ ಎಂದು ತಿಳಿದವರು. ಅವರು ಕನ್ನಡಕ ಏರಿಸಿಕೊಂಡು ಓದಿದರು. ಲಿಂಗಸೂರಿನ ಊರ ಹೊರಗಿನ ಮೈದಾನದಿಂದ ಸಿಂಧನೂರಿನ ಊರ ಹೊರಗಿನ ಮೈದಾನದವರೆಗೆ ‘ಸವಾಯಿ ಫಾಸಲಾ’ ಎಷ್ಟು, ಹೋಗಲು ಹೊತ್ತು ಎಷ್ಟು ಹಿಡಿಯುತ್ತದೆ, ಕೂಡಲೇ ತಿಳಿಸಬೇಕು.

ಫಾಸಲಾ ಎಂದರೆ ದೂರ, ಅದು ಎಲ್ಲರಿಗೂ ಗೊತ್ತು. ಸವಾಯಿ ಎಂದರೆ ಒಂದೂ ಕಾಲು. ಜೋಳ ಅಳೆಯುವಾಗ, ಬಟ್ಟೆ ಹರಿಸುವಾಗ, ಬೀಜ ಕೊಟ್ಟು ತಿರುಗಿ ಇಸಿದುಕೊಳ್ಳುವಾಗ ಆ ಮಾತು ನಮ್ಮ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಆದರೆ ದೂರಕ್ಕೆ ಸವಾಯಿ ಎಂದರೇನು? ನಾನು ಕೇಳಿದೆ.

“ಅಷ್ಟೂ ತಿಳಿಯಂಗಿಲ್ಲೇನಪಾ?” ಎಂದರು ಮುನ್ಷಿ. “ಫೌಜಿನ ಮಂದಿ ಲಾರಿ ತೊಗೊಂಡು ಬರಾವ್ರು ಇರಬೇಕು. ಹಾದಿ ಕೆಟ್ಟೈತಿ, ಅಲ್ಲಲ್ಲಿ ಸುತ್ತು ಹಾಕಬೇಕಾಗತೈತಿ. ಅದಕ್ಕ ಇದ್ದ ದೂರದ ಮ್ಯಾಲ ಕಾಲುಭಾಗ ಕೂಡಿಸಿ ಹೇಳ್ರಿ ಅಂದಾರ. ನೀ ಮೊದಲ ಖರೇ ದೂರ ಅಳಕೊಂಡು ಬಾ. ಸವಾಯಿ ನಾ ಕೂಡಿಸ್ತೀನಿ.”

“ಮೈಲಿಕಲ್ಲು ಅದಾವಲ್ರಿ ಸಾಹೇಬ್ರ?”

“ಅರ್ಧ ಕಲ್ಲು ಬಿದ್ದಾವ, ಅರ್ಧ ಕಲ್ಲು ಮಂದಿ ಒಯ್ದು ಒಳಕಲ್ಲು ಮಾಡ್ಯಾರ. ಸರಪಳಿ ಹಿಡಿದು ಅಳಿ. ಹೈದರಾಬಾದಿಗೆ ಹೋಗೂ ಲೆಕ್ಕ, ಒಂದಾಣೆನೂ ಹೆಚ್ಚುಕಮ್ಮಿ ಆಗಬಾರದು.”

ಆಣೆ ಎಂದರೆ ದುಡ್ಡಿನ ಆಣೆಯಲ್ಲ. ನಮ್ಮ ಸರಪಳಿ ಮೂವತ್ತಮೂರು ಫೂಟಿನದು, ಅದನ್ನು ಹದಿನಾರು ಆಣೆಯಾಗಿ ಭಾಗ ಮಾಡಿರುತ್ತಿದ್ದರು. ಮೈಲಿಗೆ ನೂರಾ ಅರವತ್ತು ಸರಪಳಿ. ಹೊಲಕ್ಕೆ ಅದು ಸರಿ. ಹನ್ನೊಂದು ಹರದಾರಿಗೆ ಮೇಲಾದ ಹಾದಿಯನ್ನು, ಹರದಾರಿಗೆ ಮೂರು ಮೈಲಿಯಂತೆ ಮೂವತ್ನಾಲ್ಕು ಮೈಲಿಯಷ್ಟು ದೂರವನ್ನು, ಅದರಿಂದ ಅಳೆಯುವುದೆಂದರೆ ಚಮಚೆಯಿಂದ ಬಾವಿ ತೋಡಿದ ಹಾಗೆ. ಆದರೂ ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಹುಣ್ಣಿಮೆಗೆ ಇನ್ನೂ ಒಂಬತ್ತು ದಿನವಿತ್ತು. ದಿನಕ್ಕೆ ನಾಲ್ಕೂವರೆ ಮೈಲಿ ಅಳೆದರೂ ಹುಣ್ಣಿಮೆಗೆ ಒಂದು ದಿನ ಮೊದಲೇ ಸಿಂಧನೂರು. ರಜೆ ಕೇಳುವ ಗೋಜಿಲ್ಲ, ಮುನ್ಷಿಯ ಮುಂದೆ ನಿಂತು ಮನೆಯ ಸಂಕಟ ಹೇಳಿಕೊಳ್ಳುವ ನಾಚಿಕೆಯಿಲ್ಲ. ಸರಕಾರದ ಕೆಲಸದ ಮೇಲೆ ಹೋಗಿ ಮಗಳನ್ನು ಕರೆದುಕೊಂಡು ಬರುತ್ತೇನೆ. ನನ್ನಂಥ ಜಾಣ ಇಲ್ಲ ಎಂದುಕೊಂಡೆ.

ಜೊತೆಗೆ ಸರಪಳಿ ಹಿಡಿಯುವ ಕಾಕಾ ಬಂದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಜನರ ಮುಂದೆ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ, ಇಬ್ಬರೇ ಇದ್ದಾಗ ತಮ್ಮಾ ಎನ್ನುತ್ತಿದ್ದ. ಅವನು ಮುಂದಿನ ತುದಿ ಹಿಡಿದು ಎಳೆಯುತ್ತ ಹೋಗಿ ಒಂದು ಕಬ್ಬಿಣದ ಕಡ್ಡಿ ಚುಚ್ಚುವುದು, ನಾನು ಹಿಂದಿನ ತುದಿ ಹಿಡಿದು ಆ ಕಡ್ಡಿಗೆ ಬಂದು ನಿಲ್ಲುವುದು, ಕಡ್ಡಿ ಕಿತ್ತುಕೊಳ್ಳುವುದು, ಬುಕ್ಕಿನಲ್ಲಿ ಗೆರೆ ಹೊಡೆಯುವುದು. ಹೊತ್ತು ಮೂಡುವ ಮೊದಲೇ ಶುರು. ಹತ್ತು ಗಂಟೆಗೆ ನೆಲ ಕಾದ ಹಂಚಾಗುತ್ತಿತ್ತು. ಯಾವುದಾದರೂ ಬೇವಿನ ಗಿಡದ ಕೆಳಗೆ ಬಿದ್ದುಕೊಂಡು, ಕಟ್ಟಿಕೊಂಡ ರೊಟ್ಟಿ ತಿಂದು, ಮತ್ತೆ ಇಳಿಹೊತ್ತಿಗೆ ಏಳುವುದು. ಆಗ ಈ ಕಾಲುವೆ, ಈ ಭತ್ತದ ಗದ್ದೆ ಒಂದೂ ಇರಲಿಲ್ಲ. ಎರಡೂ ಕಡೆ ಬಿರಿದ ಎರೆಹೊಲ, ಕೊಯ್ದ ಜೋಳದ ಕೂಳಿ.

ಎರಡನೇ ದಿನಕ್ಕೆ ನನಗೆ ಬೇಸರ ಬಂದಿತ್ತು. ಬೇಸರ ಎಂದರೆ ಸಣ್ಣ ಮಾತು. ಅದೇ ಕಡ್ಡಿ, ಅದೇ ಗೆರೆ, ಬಗ್ಗುವುದು, ಏಳುವುದು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಕೇಳುತ್ತಿದ್ದರು. ಕುರಿ ಕಾಯುವ ಮುದುಕನೊಬ್ಬ, “ಏನ್ ಅಳಿಯಾಕತ್ತೀರಿ ಸಾಹೇಬ್ರ?” ಎಂದ. ಹಾದಿ ಎಂದೆ. “ಹಾದಿ ಅಳದು ಯಾರಿಗೆ ಕೊಡ್ತೀರಿ?” ಎಂದ. ಅವನಿಗೆ ತಲೆ ಕೆಟ್ಟಿದೆಯೋ ನನಗೋ ಎಂದು ಅನುಮಾನ ಬಂತು. ಮೂರನೇ ದಿನದ ಹೊತ್ತಿಗೆ ಎಣಿಕೆ ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ನೀರು ಕುಡಿಯುವಾಗ ಗುಟುಕು ಎಣಿಸುತ್ತಿದ್ದೆ. ರೊಟ್ಟಿ ಅಗಿಯುವುದನ್ನು ಎಣಿಸುತ್ತಿದ್ದೆ. ಕಾಕಾ ಇದನ್ನು ಕಂಡು ನಗುತ್ತಿದ್ದ. “ತಮ್ಮಾ, ನೀ ಹಿಂಗ ಎಣಸ್ಕೊಂತ ಹೋದ್ರ ಒಂದು ದಿನ ಉಸರು ಎಣಸಾಕ ಕುಂದ್ರತಿ ನೋಡು,” ಎನ್ನುತ್ತಿದ್ದ.

ನಾಲ್ಕನೇ ದಿನ ಸಂಜೆ ಮಸ್ಕಿ ಮುಟ್ಟಿದೆವು. ಅರ್ಧ ಹಾದಿ. ಅಂಗಾಲಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಚಾವಡಿಯಲ್ಲಿ ಬಿದ್ದುಕೊಂಡೆವು. ಅಲ್ಲಿಂದ ಸಿಂಧನೂರಿಗೆ ಹೊರಟಿದ್ದ ಒಬ್ಬ ಗಾಡಿಯವನ ಕೈಯಲ್ಲಿ ಅತ್ತೆಗೆ ಹೇಳಿ ಕಳಿಸಿದೆ: ಹುಣ್ಣಿಮೆಯೊಳಗೆ ಬಂದೇ ಬರುತ್ತೇನೆ, ಕೂಸನ್ನು ನಾನೇ ಇಟ್ಟುಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ನಾವು ಊರ ಮುಂದಿನ ಹಳ್ಳ ದಾಟಿ ಸರಪಳಿ ಬಿಚ್ಚುತ್ತಿದ್ದಾಗ ಒಂದು ಮೋಟಾರು ಬಂದು ನಿಂತಿತು. ರಾಯಚೂರಿನ ಕಡೆಯಿಂದ ಬಂದ ದೊಡ್ಡ ಸಾಹೇಬರೊಬ್ಬರು, ಗುಡ್ಡದ ಬಂಡೆಯ ಮೇಲಿನ ಹಳೇ ಬರಹ ನೋಡಲು ಬಂದವರು. ಹಾದಿಯ ಮಧ್ಯೆ ಸರಪಳಿ ಚೆಲ್ಲಿಕೊಂಡು ನಿಂತ ಇಬ್ಬರನ್ನು ಕಂಡು ಏನಿದು ಎಂದು ವಿಚಾರಿಸಿದರು. ನಾನು ಕೈಕಟ್ಟಿ ಎಲ್ಲ ಹೇಳಿದೆ. ಮುನ್ಷಿ ಬರೆದುಕೊಟ್ಟಿದ್ದ ಹುಕುಮು ತೋರಿಸಿದೆ. ಸವಾಯಿ ಫಾಸಲಾ ಎಂಬಲ್ಲಿಗೆ ಬಂದಾಗ ಅವರು ಎರಡು ಸಲ ಓದಿದರು. ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ಸವಾಯಿ ನಹೀ, ಹವಾಯಿ!” ಎಂದರು. ಹವಾಯಿ ಜಹಾಜಿಗೆ, ಅಂದರೆ ವಿಮಾನಕ್ಕೆ ಸಂಬಂಧಪಟ್ಟ ಕಾಗದವಂತೆ ಅದು. ಹಾರುವಾಗ ಏನಾದರೂ ಕೆಟ್ಟರೆ ಇಳಿಯಲಿಕ್ಕೆ ಅಲ್ಲಲ್ಲಿ ಮೈದಾನ ಗೊತ್ತು ಮಾಡುತ್ತಿದ್ದರಂತೆ. ಒಂದು ಮೈದಾನದಿಂದ ಇನ್ನೊಂದಕ್ಕೆ ಗಾಳಿಯಲ್ಲಿ, ಮೂಗಿನ ನೇರಕ್ಕೆ, ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದ್ದರು. ಅವಸರದ ಉರ್ದು ಬರಹದಲ್ಲಿ ಮೊದಲ ಅಕ್ಷರ ಹೇಗೋ ಎಳೆದಿರಬೇಕು. ನಮ್ಮ ಮುನ್ಷಿ ಜನ್ಮದಲ್ಲಿ ಹವಾಯಿ ಎಂಬ ಮಾತನ್ನು ಕಾಗದದಲ್ಲಿ ಕಂಡವರಲ್ಲ. ಸವಾಯಿ ದಿನಾ ಕಂಡವರು. ಕಣ್ಣು ತನಗೆ ಗೊತ್ತಿದ್ದದ್ದನ್ನೇ ಓದಿತು.

ಸಾಹೇಬರು ಮೋಟಾರಿನಿಂದ ಒಂದು ನಕಾಶೆ ತೆಗೆಸಿ ಬಾನೆಟ್ಟಿನ ಮೇಲೆ ಹಾಸಿದರು. ಲಿಂಗಸೂರಿನ ಮೇಲೆ ಒಂದು ಬೆರಳು, ಸಿಂಧನೂರಿನ ಮೇಲೆ ಒಂದು ಬೆರಳು, ನಡುವೆ ಒಂದು ಪಟ್ಟಿ. ಮಸ್ಕಿ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಬಿದ್ದಿತು. “ಮೂವತ್ತೆರಡು ಮೈಲಿ,” ಎಂದರು. “ವಿಮಾನಕ್ಕೆ ಕಾಲು ಗಂಟೆ.” ಇಷ್ಟಕ್ಕೆ ಅವರಿಗೆ ಹಿಡಿದದ್ದು ಒಂದು ಸಿಗರೇಟಿನ ಅರ್ಧ. ನಾನು ನಾಲ್ಕು ದಿನ ಬಗ್ಗಿ ಎದ್ದು ಗೆರೆ ಹೊಡೆದ ಬುಕ್ಕು ಬಗಲಲ್ಲೇ ಇತ್ತು. ಹಾದಿಗೂ ಗಾಳಿಗೂ ಇದ್ದ ಅಂತರ ಎರಡೇ ಮೈಲಿ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಲು ಗಂಟೆ ಎಂಬ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮಗಳ ಮುಖ ನೋಡಿ ಎಂಟು ತಿಂಗಳಾಗಿತ್ತು.

“ನಿಮ್ಮ ಕಚೇರಿಗೆ ಬರೆದು ತಿಳಿಸು,” ಎಂದು ಹೇಳಿ ಅವರು ಗುಡ್ಡದ ಕಡೆ ಹೋದರು. ಆ ಮೈದಾನಗಳಿಗೆ ವಿಮಾನ ಬಂತೇ ಎಂದು ಈಗಿನ ಹುಡುಗರು ಕೇಳುತ್ತಾರೆ. ಎಲ್ಲಿಯ ವಿಮಾನ! ನಾನು ಕೆಲಸದಲ್ಲಿ ಇರುವ ತನಕ ಅಲ್ಲಿ ದನ ಮೇಯುತ್ತಿದ್ದವು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಇನ್ನು ಅಳೆಯುವ ಕೆಲಸವಿಲ್ಲ ಎಂದು ಸರಪಳಿ ಸುತ್ತಿಟ್ಟು ಅಂದೇ ಸಿಂಧನೂರಿಗೆ ನಡೆದು ಹೋಗಬಹುದಿತ್ತು. ಇಲ್ಲವೇ ಏನೂ ಕೇಳಿಸಿಕೊಳ್ಳದವನ ಹಾಗೆ ಅಳೆಯುತ್ತಲೇ ಹೋಗಿದ್ದರೂ ಹುಣ್ಣಿಮೆಯ ಹಿಂದಿನ ದಿನ ಅಲ್ಲಿರುತ್ತಿದ್ದೆ. ನಾನು ಎರಡೂ ಮಾಡಲಿಲ್ಲ. ಹುಕುಮು ಬಾರದೆ ಕೆಲಸ ನಿಲ್ಲಿಸಿದರೆ ಮುನ್ಷಿ ಏನಂದಾರು, ತಪ್ಪು ಕೆಲಸ ಮುಂದುವರಿಸಿದರೆ ಸಾಹೇಬರು ಏನಂದಾರು ಎಂದು ಹೆದರಿದೆ. ಹೀಗೆ ಹೀಗೆ ಆಗಿದೆ, ಮುಂದೇನು ಮಾಡಬೇಕು ಎಂದು ಮುನ್ಷಿಗೆ ಕಾಗದ ಬರೆದು ಟಪಾಲಿಗೆ ಹಾಕಿ ಮಸ್ಕಿಯ ಚಾವಡಿಯಲ್ಲಿ ಕೂತುಬಿಟ್ಟೆ.

ನಾಳೆ ಉತ್ತರ ಬರುತ್ತದೆ ಎಂದು ಒಂದು ದಿನ ಹೋಯಿತು. ಇನ್ನು ನಾಳೆ ತಪ್ಪುವುದೇ ಇಲ್ಲ ಎಂದು ಮತ್ತೊಂದು ದಿನ. ಸಿಂಧನೂರಿಗೆ ಹೋಗುವ ಮೋಟಾರೂ ಕೆಟ್ಟು ಎಲ್ಲೋ ನಿಂತಿದೆ ಎಂದರು. ಕಾಕಾ ದಿನಾ ಒಂದು ಸಲ ಅಂದ. “ತಮ್ಮಾ, ಇಲ್ಲೇ ಕುಂತು ಏನ್ ಮಾಡ್ತಿ? ನೀ ಹೋಗಿ ಕೂಸಿನ ಕರಕೊಂಡು ಬಾ. ಟಪಾಲು ಬಂದ್ರ ನಾ ಇಸ್ಕೊಂತೀನಿ.” ನಾಳೆ ನೋಡೋಣ ಕಾಕಾ ಎನ್ನುತ್ತಿದ್ದೆ. ಹೆದರಿಕೆ ಒಂದು ಪಾಲು. ಖರೆ ಹೇಳಬೇಕೆಂದರೆ ಸುಸ್ತು ಮೂರು ಪಾಲು. ನೆರಳಿನಲ್ಲಿ ಕಾಲು ಚಾಚಿ ಕೂತು ನಾಲ್ಕು ದಿನದ ಮೇಲೆ ನನ್ನ ಮೈ ನನ್ನದಾಗಿತ್ತು. ಮತ್ತೆ ಬಿಸಿಲಿಗೆ ಇಳಿಯಲು ಜೀವ ಒಲ್ಲೆ ಎನ್ನುತ್ತಿತ್ತು. ಮಗಳಿಗಾಗಿ ಎಷ್ಟು ಹಂಬಲಿಸಿದರೂ ಮೈಗಳ್ಳತನ ಬಿಡಲಿಲ್ಲ. ಇದನ್ನು ನಾನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ.

ಉತ್ತರ ಹುಣ್ಣಿಮೆಯ ದಿನ ಮಧ್ಯಾಹ್ನ ಬಂತು. ಮುನ್ಷಿ ಎರಡೇ ಸಾಲು ಬರೆದಿದ್ದರು. ದೊಡ್ಡ ಸಾಹೇಬರು ಏನೇ ಅನ್ನಲಿ, ತಮ್ಮ ಕೈಯಲ್ಲಿರುವ ಕಾಗದದಲ್ಲಿ ಸವಾಯಿ ಎಂದೇ ಇದೆ. ಮುಂದೆ ಅಳೆಯಿರಿ.

ಕಾಕಾಗೆ ಓದಿ ಹೇಳಿದೆ. ಅವನು ನನ್ನ ಮುಖ ನೋಡಿದ, ಸರಪಳಿಯ ನನ್ನ ಕಡೆಯ ತುದಿಯನ್ನು ತಾನೇ ತೆಗೆದುಕೊಂಡ. “ಇನ್ನ ಏನೂ ಕೇಳಬ್ಯಾಡ. ಚಪ್ಪಲಿ ಮೆಟ್ಟು. ನಡಿ.”

ಆಗ ಹೊರಟೆ. ಹುಚ್ಚನ ಹಾಗೆ ಆ ಸುಡುಬಿಸಿಲಿನಲ್ಲಿ. ತಲೆಗೆ ಒದ್ದೆ ಮಾಡಿ ಸುತ್ತಿದ ವಸ್ತ್ರ ಹರದಾರಿಗೆ ಮೊದಲೇ ಒಣಗಿ ಗರಿಗರಿಯಾಯಿತು. ಸರಪಳಿ ಇಲ್ಲದಿದ್ದರೂ ತಲೆ ಬಿಡಬೇಕಲ್ಲ, ಹೆಜ್ಜೆ ಎಣಿಸುತ್ತಲೇ ನಡೆದೆ. ಬೇಡವೆಂದರೂ ಎಣಿಕೆ ತಾನಾಗಿ ಬರುತ್ತಿತ್ತು. ಸಾವಿರಕ್ಕೊಮ್ಮೆ ಒಂದು ಬೆರಳು ಮಡಿಚುತ್ತಿದ್ದೆ. ಬಳಗಾನೂರಿನ ಗಾಡಿದಾರಿ ಬಂದು ಕೂಡುವಲ್ಲಿ ಹೊತ್ತು ಮುಳುಗುತ್ತಿತ್ತು. ಹಳೆಯ ಗುಳ್ಳೆಗಳು ಮತ್ತೆ ಒಡೆದು ಚಪ್ಪಲಿಯಲ್ಲಿ ಕಾಲು ಜಾರುತ್ತಿತ್ತು. ಒಂದು ಕಟ್ಟೆ ಕಂಡಿತು. ಒಂದು ಗಳಿಗೆ ಒರಗಿ ಏಳೋಣ, ಹೇಗೂ ಬೆಳದಿಂಗಳು ಇದೆ, ನಡೆದುಬಿಡೋಣ ಎಂದು ಒರಗಿದೆ. ಕಣ್ಣು ಬಿಟ್ಟಾಗ ಎಲ್ಲೋ ಕೋಳಿ ಕೂಗುತ್ತಿತ್ತು. ಎದ್ದು ಓಡಿದೆ. ಓಡಿದೆ ಎನ್ನುವುದು ಮಾತಿಗೆ, ಕಾಲು ಎಳೆದೆ.

ಅತ್ತೆಯ ಮನೆ ಸಿಂಧನೂರಿನ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ಕೂತು ಅವರು ಜೋಳ ಹಸನು ಮಾಡುತ್ತಿದ್ದರು. ನನ್ನ ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದರು. ಕಣ್ಣು ಕಾಣದಿದ್ದರೂ ಯಾರೆಂದು ತಿಳಿಯಿತು.

“ಅಳಿಯಾರ ಬಂದ್ರೇನು?” ಎಂದರು. “ಹೊತ್ತು ಮೂಡೂಕಿಂತ ಮುಂಚೆ ಗಾಡಿ ಹೊಡಕೊಂಡು ಹೋದ್ರಲ್ರಿ. ನಿನ್ನಿ ದೀಪ ಹಚ್ಚೂ ತನಕ ಬಾಗಲದಾಗ ಕುಂತಿದ್ವಿ. ನಿಮ್ಮ ಮಾತು ಗಾಡಿಯಾಂವ ಹೇಳಿದ್ದ. ಬರ್ತಾರ ಬರ್ತಾರ ಅಂತ ಕೂಸಿಗೆ ಹೊಸಾ ಲಂಗ ಉಡಿಸಿ ಕುಂದ್ರಿಸಿದ್ದೆ.”

ನಾನು ಗೋಡೆ ಹಿಡಿದು ನಿಂತೆ. ಅವರು ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟರು. ಬಿಸಿಲು ಏರಿದ ಮೇಲೆ ಗಾಡಿ ಮುಂದೆ ಹೋಗುವುದಿಲ್ಲ, ಹೊಳೆಯ ಹಾದಿಯಲ್ಲಿ ಎರಡು ಹರದಾರಿಗೆ ಒಂದು ಬಾವಿ, ಆಲದ ಗಿಡ ಇದೆ, ಅಲ್ಲಿ ಎತ್ತು ಬಿಚ್ಚಿರುತ್ತಾರೆ ಎಂದರು. ಹೋಗಿ ಎನ್ನಲಿಲ್ಲ, ಹೋಗಬೇಡಿ ಎನ್ನಲೂ ಇಲ್ಲ. ನಾನು ಮಜ್ಜಿಗೆಯ ಚರಿಗೆ ಕೆಳಗಿಟ್ಟು ಮತ್ತೆ ಹಾದಿ ಹಿಡಿದೆ.

ಆ ಎರಡು ಹರದಾರಿಯ ನೆನಪು ನನಗೆ ಸರಿಯಾಗಿ ಇಲ್ಲ. ಎಣಿಸಿದ್ದು ಮಾತ್ರ ನೆನಪಿದೆ. ಆಲದ ಗಿಡ ಕಂಡಾಗ ಹೊತ್ತು ನೆತ್ತಿಯ ಮೇಲಿತ್ತು. ಎತ್ತು ಮಲಗಿ ಮೆಲುಕು ಹಾಕುತ್ತಿದ್ದವು. ಗಾಡಿಯವನು ಮುಖದ ಮೇಲೆ ರುಮಾಲು ಹಾಕಿಕೊಂಡು ಒರಗಿದ್ದ. ಹೆಂಡತಿಯ ಅಕ್ಕ ಬೇರಿನ ಮೇಲೆ ಕೂತು ಕೂಸಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ನನ್ನನ್ನು ಕಂಡು ಆಕೆಯ ಕೈ ತುತ್ತಿನ ಸಮೇತ ಅಲ್ಲೇ ನಿಂತಿತು. ಆಕೆಯ ಮುಖ ಬಿಳಿಚಿಕೊಂಡದ್ದು ಈಗಲೂ ಕಣ್ಣ ಮುಂದಿದೆ. ಸಿಂಧನೂರಿಗೆ ಬಂದ ಮೂರೇ ದಿನದಲ್ಲಿ ಆಕೆ ತಾಯಿಯಾಗಿಬಿಟ್ಟಿದ್ದಳು.

ಆದರೂ ಆಕೆ ದೊಡ್ಡ ಮನಸ್ಸಿನವಳು. ಎದ್ದು ನಿಂತಳು, ಸೆರಗು ಸರಿ ಮಾಡಿಕೊಂಡಳು. “ಕೂಸು ನಿಮ್ಮದು ಐತ್ರಿ,” ಎಂದಳು. “ನಾ ಅಡ್ಡ ಬರಂಗಿಲ್ಲ. ನೀವ ಕೇಳ್ರಿ. ಬರ್ತೀನಿ ಅಂದ್ರ ಈಗ ಕರಕೊಂಡು ಹೋಗ್ರಿ. ಎಳಕೊಂಡು ಮಾತ್ರ ಹೋಗಬ್ಯಾಡ್ರಿ, ಅದರ ಅಳು ನನಗ ತಡಕೊಳ್ಳಾಕ ಆಗಂಗಿಲ್ಲ.”

ನ್ಯಾಯದ ಮಾತು. ನಾನು ಒಪ್ಪಿದೆ. ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೊಸ ಲಂಗ ಉಟ್ಟಿತ್ತು, ಗಲ್ಲಕ್ಕೆ ಅನ್ನ ಹತ್ತಿತ್ತು. ಹಣೆ ಅದರ ತಾಯಿಯ ಹಣೆಯೇ. ಈ ಸಲ ಯಾರ ಹಿಂದೆಯೂ ಅಡಗಲಿಲ್ಲ. ನನ್ನ ಮುಖ ನೋಡಿತು, ಆಮೇಲೆ ಧೂಳು ಮೆತ್ತಿದ ನನ್ನ ಕಾಲು ನೋಡಿತು.

“ನಾ ನಿಮ್ಮಪ್ಪ, ಅವ್ವಿ. ನಮ್ಮ ಮನಿಗೆ ಬರ್ತಿಯೇನು? ನಿನಗಂತ ತಾಟು ತಂದಿಟ್ಟೀನಿ.”

ಕೂಸು ಒಲ್ಲೆ ಎನ್ನಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಒಲ್ಲೆ ಎನ್ನಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿ ಕೇಳಿತು:

“ನಿಮ್ಮ ಮನಿ ಎಷ್ಟ್ ದೂರ ಐತಿ?”

ಹನ್ನೊಂದು ಹರದಾರಿ ಒಂದು ಮೈಲಿ, ಅದಕ್ಕೆ ಇಲ್ಲಿಗೆ ಬಂದ ಎರಡು ಕೂಡಿಸು. ಒಂಬತ್ತು ದಿನದಿಂದ ತಲೆಯಲ್ಲಿ ತಿರುಗುತ್ತಿದ್ದ ಲೆಕ್ಕ ತಾನಾಗಿ ಬಾಯಿಗೆ ಬಂತು. “ಹದಿಮೂರು ಹರದಾರಿ ಐತವ್ವ,” ಎಂದೆ. “ಮ್ಯಾಲ ಒಂದು ಮೈಲಿ.”

ಹರದಾರಿ ಎಂದರೇನೆಂದು ಆ ಕೂಸಿಗೆ ಗೊತ್ತಿರಲಿಕ್ಕಿಲ್ಲ. ಬಹಳ ಇದೆ ಎಂಬುದಷ್ಟು ತಿಳಿಯಿತು. ಬಳ್ಳಾರಿಯೇನೂ ಅಲ್ಲಿಂದ ಸಮೀಪ ಇರಲಿಲ್ಲ, ಆದರೆ ಅದನ್ನು ಕೂಸಿಗೆ ಯಾರೂ ಅಳೆದು ಹೇಳಿರಲಿಲ್ಲ.

“ಹಂಗಾರ ನೀ ಹೋಗು,” ಎಂದಿತು. “ನನ್ನ ಕಾಲು ನೋಯ್ತಾವ.” ಹಾಗೆಂದು ದೊಡ್ಡವ್ವನ ಕಡೆ ತಿರುಗಿ ಬಾಯಿ ತೆರೆಯಿತು. ಆಕೆ ಮುಂದಿನ ತುತ್ತು ಇಟ್ಟಳು. ನಾನು ಎದ್ದೆ. ಬಾವಿಯಲ್ಲಿ ನೀರು ಕುಡಿದೆ. ಮಾತು ಕೊಟ್ಟಾಗಿತ್ತು, ಮತ್ತೊಂದು ಸಲ ಕೇಳುವ ಬಲ ಇರಲಿಲ್ಲ. ಸಿಂಧನೂರಿನ ಕಡೆ ನಡೆದೆ.

ನನ್ನನ್ನು ಅದು ಒಲ್ಲದೆ ಹೋಯಿತು ಎಂದೇ ಎಷ್ಟೋ ವರ್ಷ ತಿಳಿದುಕೊಂಡಿದ್ದೆ. ಹಾಗೆ ತಿಳಿದು ಅದರ ಮೇಲೆ ಸಣ್ಣಗೆ ಮುನಿಸಿಕೊಂಡೂ ಇದ್ದೆ. ಐದು ವರ್ಷದ ಕೂಸಿನ ಮೇಲೆ! ಆಮೇಲೆ, ನನ್ನ ತಲೆ ನೆರೆತ ಮೇಲೆ, ನೆರೆಮನೆಯವರ ಮೊಮ್ಮಗಳನ್ನು ಸಂತೆಗೆ ಕರೆದುಕೊಂಡು ಹೊರಟಿದ್ದೆ. ಓಣಿಯ ತಿರುವಿನಲ್ಲಿ ಆ ಹುಡುಗಿ ನಿಂತು, “ತಾತಾ, ಸಂತಿ ಎಷ್ಟ್ ದೂರ ಐತಿ?” ಎಂದಿತು. ಉತ್ತರಕ್ಕೆ ಕಾಯಲೂ ಇಲ್ಲ, ಎರಡೂ ಕೈ ಮೇಲೆ ಮಾಡಿ ನನ್ನ ಮುಂದೆ ನಿಂತಿತು. ಎತ್ತಿಕೋ ಎನ್ನುವುದನ್ನು ಮಕ್ಕಳು ಹಾಗೆ ಕೇಳುತ್ತಾರೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ದಿನ ಆಲದ ಗಿಡದ ಕೆಳಗೆ ನನ್ನ ಮಗಳೂ ಕೈ ಮೇಲೆ ಮಾಡಿದ್ದಳೋ ಏನೋ, ನನಗೆ ಗೊತ್ತಿಲ್ಲ. ನಾನು ಲೆಕ್ಕ ಕೂಡಿಸುತ್ತಿದ್ದೆ, ನೋಡಲಿಲ್ಲ.